ನಿಂತರೆ ಬೀಳುತ್ತಿದ್ದ ಡ್ರಿಲ್ ಮಾಷ್

ಹೋದ ತಿಂಗಳು ಅಟ್ಟದ ಮೇಲಿದ್ದ ಟ್ರಂಕು ಇಳಿಸಿ ಒರೆಸುತ್ತಿದ್ದೆ. ತಳದಲ್ಲಿ, ಹಳೆಯ ಬಿಳಿ ಸೀರೆಯೊಂದರ ಮಡಿಕೆಯೊಳಗೆ, ನಾನು ನರ್ಸಾಗಿ ಆರೋಗ್ಯ ಇಲಾಖೆಯ ಸಬ್‌ಸೆಂಟರಿನಲ್ಲಿದ್ದಾಗ ಬಳಸುತ್ತಿದ್ದ ಬಿ.ಪಿ. ನೋಡುವ ಪೆಟ್ಟಿಗೆ ಸಿಕ್ಕಿತು. ಪಾದರಸದ ಕೊಳವೆ ಯಾವಾಗಲೋ ಒಡೆದುಹೋಗಿತ್ತು. ಕೆಟ್ಟಿದೆ, ಬಿಸಾಡಿ ಎಂದು ಆಫೀಸಿನವರು ಹೇಳಿದ್ದರು. ಬಿಸಾಡಲು ಮನಸ್ಸು ಬಾರದೆ ಮನೆಗೆ ತಂದಿದ್ದೆ. ತೋಳಿಗೆ ಸುತ್ತುವ ಪಟ್ಟಿಯನ್ನು ಬಿಡಿಸಿದೆ. ಒಳಗಿನ ರಬ್ಬರು ಜಿಗುಟಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಆ ವಾಸನೆ… ರಬ್ಬರು, ಪೌಡರು, ಎಷ್ಟೋ ಜನರ ತೋಳಿನ ಬೆವರು. ಅದು ಮೂಗಿಗೆ ತಾಗಿದ್ದೇ ತಡ, ಒಂದು ಏರುದಾರಿ ಕಣ್ಣಮುಂದೆ ಬಂತು. ದಾರಿಯ ತುದಿಯಲ್ಲಿ ಒಬ್ಬರು ನಿಂತಿದ್ದರು. ಅವರು ಹಾಗೆ ನಿಲ್ಲಬಾರದಿತ್ತು.

ಅವರನ್ನು ಊರೆಲ್ಲ ಡ್ರಿಲ್ ಮಾಷ್ ಎಂದೇ ಕರೆಯುತ್ತಿತ್ತು. ಮೇಷ್ಟ್ರಿಗೆ ಮಲಯಾಳದಲ್ಲಿ ಮಾಷ್ ಎನ್ನುತ್ತಾರೆ. ಶಾಲೆಯಲ್ಲಿ ಮಕ್ಕಳಿಗೆ ಆಟ, ಓಟ, ಕವಾಯತು ಕಲಿಸುವವರಾದ್ದರಿಂದ ಡ್ರಿಲ್ ಮಾಷ್. ಕನ್ನಡ ಮಾತಾಡುತ್ತಿದ್ದ ನಾನೂ ಹಾಗೆಯೇ ಕರೆದೆ. ನಮ್ಮ ಕಡೆ ಕನ್ನಡ ಮನೆಯೊಳಗಿನದು, ಹೊಸಿಲು ದಾಟಿದರೆ ಮಲಯಾಳ. ನಾನು ಗಡಿಯೂರು ಬಾವಲಿಯ ಒಕ್ಕಲು ಮನೆಯವಳು. ಓದಿದ್ದೆಲ್ಲ ಮಲಯಾಳದಲ್ಲಿ. ಇಪ್ಪತ್ತಮೂರನೆಯ ವಯಸ್ಸಿಗೆ ಪಯ್ಯಂಪಳ್ಳಿ ಕಡೆಯ ಸಬ್‌ಸೆಂಟರಿಗೆ ನೇಮಕವಾಗಿ ಬಂದೆ. ಹಂಚಿನ ಎರಡು ಕೋಣೆ, ಮಕ್ಕಳ ತೂಕ ನೋಡುವ ತಕ್ಕಡಿ, ಒಂದು ಉದ್ದ ಬೆಂಚು, ಈ ಪೆಟ್ಟಿಗೆ.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ನಮ್ಮ ರಿಜಿಸ್ಟರುಗಳ ಮೇಲೆಲ್ಲ ಇನ್ನೂ ಕಣ್ಣೂರು ಎಂದೇ ಅಚ್ಚಾಗಿತ್ತು. ಪ್ರತಿ ಹೊಸ ಪುಸ್ತಕ ಬಂದಾಗಲೂ ನಾನು ಆ ಹೆಸರಿಗೆ ಅಡ್ಡಗೆರೆ ಎಳೆದು ಮೇಲೆ ವಯನಾಡು ಎಂದು ಬರೆಯುತ್ತಿದ್ದೆ. ಘಟ್ಟ ಇಳಿಯದೆ ಇನ್ನು ಎಲ್ಲ ಕೆಲಸವೂ ಇಲ್ಲೇ ಆಗುತ್ತದೆ ಎಂದು ಜನಕ್ಕೆ ಒಂದು ಹುರುಪು. ಮಾನಂದವಾಡಿಯ ದೊಡ್ಡಾಸ್ಪತ್ರೆಗೆ ಹೊಸ ಡಾಕ್ಟರುಗಳು ಬರುತ್ತಾರಂತೆ ಎಂಬ ಮಾತು ಬಸ್ಸಿನಲ್ಲಿ ದಿನಾ ಕೇಳುತ್ತಿತ್ತು.

ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹೋದ ದಿನ ಅವರನ್ನು ಮೊದಲು ಕಂಡೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಅವರದ್ದು. ಐವತ್ತು ದಾಟಿದ, ಒಣಗಿದ ಬಿದಿರಿನಂಥ ಮೈ. ಬಿಳಿ ಬಣ್ಣ ಬಳಿದ ಕ್ಯಾನ್ವಾಸ್ ಶೂ. ಮುಖದಲ್ಲಿ ನಗು ಇರಲಿಲ್ಲ. ಗಂಭೀರ ಮನುಷ್ಯ ಎಂದುಕೊಂಡೆ. ನಾನು ಒಂದೊಂದೇ ತೋಳಿಗೆ ಚುಚ್ಚುತ್ತ ಬಾಯೊಳಗೇ ಎಣಿಸುತ್ತಿದ್ದೆ. ಅವರು ಹತ್ತಿರ ಬಂದು, ಮಕ್ಕಳಿಗೆ ಕೇಳಿಸದ ಹಾಗೆ ಕೇಳಿದರು:

“ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಎಣಿಸ್ತಿದ್ದೀಯಲ್ಲವ್ವ. ಯಾವೂರು ನಿಂದು?”

“ಬಾವಲಿ, ಮಾಷೇ.”

“ನಮ್ದು ಚೇಕಾಡಿ. ಎಷ್ಟು ಮಲಯಾಳ ಕಲಿತ್ರೂ ಎಣಿಸೋದು ಮಾತ್ರ ಅವ್ವ ಕಲಿಸಿದ್ರಲ್ಲೇ ಬತ್ತದೆ, ಅಲ್ವಾ?”

ಅಂದಿನಿಂದ ನನಗೆ ಆ ಊರಿನಲ್ಲಿ ಒಂದು ಮನೆ ಇದ್ದ ಹಾಗಾಯಿತು. ಶಾಲೆಯ ಗುಡ್ಡದ ಬುಡದಲ್ಲಿ, ಗದ್ದೆಗೆ ಮುಖ ಮಾಡಿದ ಚಿಕ್ಕ ಮನೆ ಅವರದು. ಅವರ ಹೆಂಡತಿ ಶಾಲೆಗೆ ಹೋದವರಲ್ಲ, ಮಲಯಾಳವನ್ನು ಕನ್ನಡದ ಹಾಗೆ ಮಾತಾಡುವವರು. ಭಾನುವಾರ ರಾಗಿಮುದ್ದೆ ಮಾಡಿದರೆ ಹೇಳಿಕಳಿಸುತ್ತಿದ್ದರು. ಮಕ್ಕಳಿರಲಿಲ್ಲ. ಇದ್ದ ಮಕ್ಕಳೆಲ್ಲ ಮೇಲಿನ ಶಾಲೆಯಲ್ಲಿದ್ದರು.

ಡ್ರಿಲ್ ಮಾಷ್ ಕಲಿಸುತ್ತಿದ್ದ ರೀತಿಯೇ ಬೇರೆ. ಮಕ್ಕಳನ್ನು ಮೈದಾನದ ಸುತ್ತ ಓಡಿಸಿ, ನಿಲ್ಲಿಸಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟುಕೊಳ್ಳಲು ಹೇಳುತ್ತಿದ್ದರು. ತಾವು ಗಡಿಯಾರ ನೋಡುತ್ತ “ಶುರು” ಎನ್ನುವುದು, “ಸಾಕು” ಎನ್ನುವುದು. ಓಡುವ ಮುಂಚೆ ಎಷ್ಟಿತ್ತು, ಈಗ ಎಷ್ಟು? ಆರನೇ ಕ್ಲಾಸಿನ ಮಕ್ಕಳಿಗೂ ಅಲ್ಲಿ ನಾಡಿ ಎಣಿಸಲು ಬರುತ್ತಿತ್ತು. “ಏರು ಬಂದ್ರೆ ಎತ್ತು ಬಲವಾಗಿ ಎಳೀತದೆ. ಯಾರೂ ಹೇಳ್ಬೇಕಾಗಿಲ್ಲ. ಹೃದಯವೂ ಅಂಗೇ,” ಎಂದು ಅವರು ಮಲಯಾಳದಲ್ಲಿ ವಿವರಿಸುವುದನ್ನು ಒಮ್ಮೆ ಬೇಲಿಯಾಚೆಯಿಂದ ಕೇಳಿದ್ದೆ. ದನಿ ಮೆಲ್ಲಗಿತ್ತು. ಮೊದಲು ಅವರ ದನಿ ಗದ್ದೆಯ ಆಚೆ ದಡಕ್ಕೂ ಕೇಳುತ್ತಿತ್ತು, ಈಚೆಗೆ ಬೆನ್ನ ಹಿಂದೆ ಮಕ್ಕಳು ನಗುತ್ತಾರೆ ಎಂದು ಅವರ ಹೆಂಡತಿಯೇ ಹೇಳಿದ್ದರು.

ಆ ವರ್ಷ ಶಾಲೆಯ ಕ್ರೀಡಾದಿನಕ್ಕೆ ಮದ್ದಿನ ಡಬ್ಬಿ ಹಿಡಿದು ನಾನೂ ಹೋಗಿದ್ದೆ. ಬೆಳಗಿನ ಓಟಗಳೆಲ್ಲ ಮುಗಿದು, ಊಟವಾಗಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಮಕ್ಕಳ ಪಥಸಂಚಲನ. ಡ್ರಿಲ್ ಮಾಷ್ ಮುಂದೆ ನಡೆದು ಮೈದಾನ ಒಂದು ಸುತ್ತು ಬಂದರು. ನಡಿಗೆ ಒಂದಿಷ್ಟು ಎಳೆಯುತ್ತಿತ್ತು, ಆದರೂ ತಾಳ ತಪ್ಪಲಿಲ್ಲ. ಬಾವುಟದ ಕಂಬದ ಎದುರು ಬಂದು ಅಟೆನ್ಶನ್‌ನಲ್ಲಿ ನಿಂತರು. ಶಾಲೆಯ ಮ್ಯಾನೇಜರು ಭಾಷಣ ಶುರುಮಾಡಿದರು. ಮೂರು ನಿಮಿಷವೂ ಆಗಿರಲಿಕ್ಕಿಲ್ಲ… ಕಡಿದ ಬಾಳೆಗಿಡದ ಹಾಗೆ ಅವರು ಉದ್ದಕ್ಕೆ ಬಿದ್ದರು.

ನಾನು ಓಡಿದೆ. ಬಾಗಿ ಮುಖದ ಹತ್ತಿರ ಹೋದಾಗ ಬಾಯಿಂದ ಒಂದು ವಾಸನೆ ಬಂತು. ನನ್ನ ಪಕ್ಕದಲ್ಲೇ ಬಾಗಿದ್ದ ಮ್ಯಾನೇಜರಿಗೂ ಬಂತು. ನೀರು ಚಿಮುಕಿಸುವ ಮುಂಚೆಯೇ ಮಾಷ್ ಕಣ್ಣುಬಿಟ್ಟರು. ನೆಲದಲ್ಲಿ ಮಲಗಿದ್ದಷ್ಟು ಹೊತ್ತು ಚೆನ್ನಾಗಿಯೇ ಮಾತಾಡಿದರು. ಎಬ್ಬಿಸಿ ನಿಲ್ಲಿಸಿದರೆ ಮತ್ತೆ ತೂರಾಡಿದರು. ಮಕ್ಕಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮರುದಿನ ಮ್ಯಾನೇಜರು ನನ್ನನ್ನು ಆಫೀಸಿಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ. ತಂದೆ ಕಟ್ಟಿದ ಶಾಲೆಯ ಹೆಸರು ಕೆಡಬಾರದು ಎಂಬ ಕಾಳಜಿ ಅವರಿಗೆ. ಮೇಷ್ಟ್ರುಗಳು ಇಬ್ಬರು ಕೂತಿದ್ದರು.

“ಸಿಸ್ಟರ್, ನೀವು ಹತ್ತಿರ ಬಾಗಿದ್ದಿರಿ. ವಾಸನೆ ಇತ್ತೇ?” ಎಂದು ಮಲಯಾಳದಲ್ಲಿ ಕೇಳಿದರು.

“ಇತ್ತು,” ಎಂದೆ.

“ಸಾಕು.”

ಸುಳ್ಳು ಹೇಳಲಿಲ್ಲ. ಆದರೆ ನನಗೆ ಇನ್ನೂ ಒಂದು ವಿಷಯ ಗೊತ್ತಿತ್ತು. ಅದು ಅರಿಷ್ಟದ ವಾಸನೆ. ವೈದ್ಯರ ಅಂಗಡಿಯಲ್ಲಿ ಕಷಾಯ ಹುಳಿಬರಿಸಿ ಮಾಡುವ, ಸಾರಾಯಿಯಂತೆಯೇ ನಾರುವ ಔಷಧಿ ಅದು. ಸೊಂಟನೋವು, ವಾಯು ಎಂದರೆ ಎರಡು ಚಮಚ ಕುಡಿಯುತ್ತಾರೆ. ಬಾಣಂತಿಯರ ಕೋಣೆಗಳಲ್ಲಿ ನಾನು ದಿನವೂ ಮೂಸುತ್ತಿದ್ದ ವಾಸನೆಯನ್ನು ಗುರುತು ಹಿಡಿಯದೆ ಇರಲು ಸಾಧ್ಯವೇ? ಸಾರಾಯಿಯದೋ ಅರಿಷ್ಟದ್ದೋ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಸಬ್‌ಸೆಂಟರ್ ಇದ್ದದ್ದು ಮ್ಯಾನೇಜರ ಅಣ್ಣನ ಕಟ್ಟಡದಲ್ಲಿ. ಇವೆಲ್ಲ ಕಾರಣಗಳನ್ನು ಆಮೇಲೆ ಜೋಡಿಸಿಕೊಂಡೆ. ಆ ಗಳಿಗೆಯಲ್ಲಿ ಸುಮ್ಮನಿರುವುದು ಸುಲಭವಾಗಿತ್ತು, ಅಷ್ಟೇ.

ಡ್ರಿಲ್ ಮಾಷ್‌ಗೆ ರಜೆಯ ಮೇಲೆ ಹೋಗಲು ಹೇಳಿದರು. ಯಾಕೆ ಕೆಲಸದಿಂದ ತೆಗೆಯಬಾರದು ಎಂದು ಬರೆದುಕೊಡಿ ಎಂದು ಒಂದು ಕಾಗದವೂ ಹೋಯಿತು. ಊರು ಹಿಂದಿನದನ್ನೆಲ್ಲ ಕೂಡಿಸಿ ನೋಡಿತು. ಮಾತು ತೊದಲುತ್ತದೆ, ಊಟವಾದ ಮೇಲೆ ಓಲಾಡುತ್ತಾರೆ, ಬಸ್ಸಿಳಿದು ಕಂಬ ಹಿಡಿದು ನಿಲ್ಲುತ್ತಾರೆ, ಮುಖ ಕಲ್ಲಿನ ಹಾಗೆ. ಕುಡುಕ ಎಂಬ ಒಂದು ಮಾತಿಗೆ ಎಲ್ಲವೂ ಹೊಂದಿಕೊಂಡವು.

ಹತ್ತು ದಿನ ಕಳೆದ ಮೇಲೆ ಅವರು ಸಬ್‌ಸೆಂಟರಿಗೆ ಬಂದರು. ನಾನು ತಲೆಯೆತ್ತಲಿಲ್ಲ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಿದ್ದೆ. ಅವರು ಬೆಂಚಿನ ಮೇಲೆ ಕೂತು ತೋಳು ಚಾಚಿದರು.

“ಬಿ.ಪಿ. ನೋಡವ್ವ.”

ನೋಡಿದೆ. ನೂರ ಮೂವತ್ತು, ಎಂಬತ್ತು. “ಸರಿಯಾಗಿದೆ ಮಾಷೇ.”

“ಕೂತಾಗ ಸರಿ ಇರ್ತದೆ. ನಾ ಬಿದ್ದಿದ್ದು ನಿಂತಾಗಲ್ವಾ?”

ಕೂರಿಸಿ ನೋಡಬೇಕು ಎಂದೇ ನಮಗೆ ಕಲಿಸಿದ್ದು. ಅವರು ಅಂಗಿಯ ಒಳಗಿನಿಂದ ಒಂದು ನೋಟುಪುಸ್ತಕ ತೆಗೆದರು. ಪ್ರತಿ ತಿಂಗಳ ಮೊದಲನೆಯ ದಿನ ಅವರು ಮನೆಯ ಹಿಂದಿನ ಕಾಲುದಾರಿಯಲ್ಲಿ ಬಿರುಸಾಗಿ ಹತ್ತಿ ಶಾಲೆಯ ಗೇಟಿಗೆ ಹೋಗಿ ನಾಡಿ ಎಣಿಸುತ್ತಿದ್ದರಂತೆ. ಹತ್ತಲು ಹಿಡಿದ ಸಮಯ, ನಾಡಿಯ ಲೆಕ್ಕ, ಎರಡನ್ನೂ ಬರೆದಿದ್ದರು. ಹನ್ನೆರಡು ವರ್ಷದ್ದು ಆ ಒಂದು ಪುಸ್ತಕದಲ್ಲಿತ್ತು. ಮೊದಲ ಹಾಳೆಗಳಲ್ಲಿ ಏಳು ನಿಮಿಷ, ನೂರ ನಲವತ್ತೈದು. ಏಳು ನಿಮಿಷ, ನೂರ ನಲವತ್ತು. ಹಾಗೆಯೇ ವರ್ಷಗಟ್ಟಲೆ. ಆಮೇಲೆ ನೂರ ಇಪ್ಪತ್ತು. ನೂರ ಹತ್ತು. ಕೊನೆಯ ಹಾಳೆಯಲ್ಲಿ ಹನ್ನೆರಡು ನಿಮಿಷ, ತೊಂಬತ್ತಾರು.

“ಮೊದ್ಲು ಹೆಮ್ಮೆ ಪಟ್ಟೆ ಕಣವ್ವ. ಓಡೋರ ಹೃದಯ ನಿಧಾನಕ್ಕೆ ಬಡೀತದೆ ಅಂತ ಓದಿದ್ದೆ. ಪಳಗ್ತು ಅಂದ್ಕಂಡೆ. ಆದ್ರೆ ಪಳಗಿದ್ರೆ ಹೊತ್ತು ಕಮ್ಮಿ ಆಗ್ಬೇಕಲ್ವಾ? ಜಾಸ್ತಿ ಆಯ್ತಾ ಹೋಯ್ತು. ಕಾಲು ಸತ್ತು ಸುಣ್ಣ ಆಗಿರ್ತದೆ, ಎದೆ ಮಾತ್ರ ಮಲಗಿರೋರ ಎದೆ ಥರ ಇರ್ತದೆ. ಕಾಲು ಕೂಗೋದು ಎದೆಗೆ ಕೇಳ್ತಾ ಇಲ್ಲ.”

ನಾನು ಹಾಳೆ ತಿರುವುತ್ತಿದ್ದೆ. ಬರಹ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಬಂದಿತ್ತು. ಕೊನೆಯ ಅಂಕಿಗಳನ್ನು ನೋಡಲು ಕಿಟಕಿಗೆ ಹಿಡಿಯಬೇಕಾಯಿತು. ಕಾಗದ ಉಳಿಸಲು ಹಾಗೆ ಬರೆದಿದ್ದಾರೆ ಎಂದುಕೊಂಡೆ. ಎಷ್ಟು ತಿಳಿಯದವಳಾಗಿದ್ದೆ…

“ನೀನೂ ನನ್ ಜೊತೆ ಹತ್ತು. ಈ ಪೆಟ್ಟಿಗೆ ತಕ್ಕೊ. ಮೇಲೆ ನಿಲ್ಸಿ ನೋಡು. ಏನು ಕಂಡ್ತೋ ಅದನ್ನ ಬರ್ಕೊಡು. ನಿನ್ ಕೈಲಿ ಬೇರೆ ಏನೂ ಕೇಳೋದಿಲ್ಲ.”

ಅಂಥ ಪರೀಕ್ಷೆ ಮಾಡಲು ನನಗೆ ಅಧಿಕಾರವಿರಲಿಲ್ಲ, ಅರಿವೂ ಇರಲಿಲ್ಲ. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ಮರುದಿನ ಬೆಳಗ್ಗೆ ಅವರ ಜಗುಲಿಯಲ್ಲಿ ಮಲಗಿಸಿ ನೋಡಿದೆ, ನೂರ ನಲವತ್ತು. ನಿಲ್ಲಿಸಿದೆ, ನೂರ ಹತ್ತಕ್ಕೆ ಇಳಿಯಿತು. ಆಗಲೇ ಬೆದರಬೇಕಿತ್ತು. ಪೆಟ್ಟಿಗೆ ಎತ್ತಿಕೊಂಡು ಅವರ ಹಿಂದೆ ಹೊರಟೆ. ಗದ್ದೆಯ ಅಂಚಿನಿಂದ ಕೆಮ್ಮಣ್ಣಿನ ಕಡಿದಾದ ದಾರಿ, ಎರಡೂ ಬದಿ ಕಾಫಿ ಗಿಡ. ಅವರು ಮುಂದೆ ಬಾಗಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ಬಾಯಲ್ಲಿ ಲೆಫ್ಟ್, ರೈಟ್ ಎಂದುಕೊಂಡು ಹತ್ತಿದರು. ಎಲ್ಲೂ ನಿಲ್ಲಲಿಲ್ಲ.

ಗೇಟಿನ ಹತ್ತಿರ ಬಂದಾಗ ನನ್ನ ಎದೆ ಕಿವಿಯಲ್ಲಿ ಹೊಡೆದುಕೊಳ್ಳುತ್ತಿತ್ತು. ನನ್ನ ನಾಡಿಯನ್ನೇ ಮೊದಲು ನೋಡಿಕೊಂಡೆ, ನೂರ ನಲವತ್ತೆಂಟು. ಆಮೇಲೆ ಅವರ ಮಣಿಕಟ್ಟು ಹಿಡಿದೆ. ಬೆವರಿರಲಿಲ್ಲ, ತಣ್ಣಗಿತ್ತು. ತೊಂಬತ್ತೆರಡು. ಮತ್ತೆ ಎಣಿಸಿದೆ. ತೊಂಬತ್ತೆರಡೇ. ಅವರು ಗೇಟಿನ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದರು, ಪರೀಕ್ಷೆಗೆ ನಿಂತ ಹುಡುಗನ ಹಾಗೆ. ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಪಟ್ಟಿ ಸುತ್ತಿ ಗಾಳಿ ತುಂಬಿದೆ. ಪಾದರಸ ಇಳಿಯುತ್ತ ಬಂತು. ನೂರು, ಶಬ್ದವಿಲ್ಲ. ತೊಂಬತ್ತು, ಇಲ್ಲ. ಎಂಬತ್ತು… ಕಿವಿಯಲ್ಲಿದ್ದ ಕೊಳವೆ ಕೆಟ್ಟಿದೆಯೇ ಎಂದು ಮುಟ್ಟಿಕೊಂಡೆ. ಎಪ್ಪತ್ತರ ಹತ್ತಿರ ಎಲ್ಲೋ ಒಂದು ಸಣ್ಣ ಬಡಿತ. ತಲೆಯೆತ್ತಿ ನೋಡಿದರೆ ಅವರ ಕಣ್ಣು ನನ್ನ ಮೇಲಿತ್ತು, ಆದರೆ ಅವರು ಆ ಕಣ್ಣಿನಲ್ಲಿರಲಿಲ್ಲ.

ಹಿಡಿದುಕೊಂಡೆ. ಹಿಡಿದ ಹಾಗೆಯೇ ಇಬ್ಬರೂ ನೆಲಕ್ಕೆ ಬಂದೆವು. ಕಾಲನ್ನು ಎತ್ತಿ ನನ್ನ ಭುಜದ ಮೇಲಿಟ್ಟುಕೊಂಡೆ. ಹಿಂದಿನಿಂದ ಏದುಸಿರು ಬಿಡುತ್ತ ಅವರ ಹೆಂಡತಿ ಹತ್ತಿ ಬಂದರು. ನೆಲದ ಮೇಲಿದ್ದ ನಮ್ಮಿಬ್ಬರನ್ನು ನೋಡಿದರು. ಆಮೇಲೆ ಹೇಳಿದರು, ದನಿಯೇರಿಸದೆ:

“ವಾಸ್ನೆ ಅದೆ ಅಂದೋಳು ನೀನೇ ಅಲ್ವಾ ಸಿಸ್ಟ್ರೇ? ಅದು ಸಾಲ್ದೂಂತ ಈಗ ಇದಾ?”

ಡ್ರಿಲ್ ಮಾಷ್ ನೆಲದಿಂದಲೇ ಕಣ್ಣುಬಿಟ್ಟರು. “ಸುಮ್ನಿರು. ಅವ್ಳು ಕಂಡಿದ್ದ ಹೇಳಿದ್ಲು.” ಆಮೇಲೆ ನನ್ನ ಕಡೆ ತಿರುಗಿದರು. “ಎಷ್ಟಕ್ಕೆ ಬಂತವ್ವ?”

“ಎಪ್ಪತ್ತು ಮಾಷೇ.”

“ಬರ್ಕೊ. ಮರ್ತುಬಿಟ್ಟೀಯ.”

ನಾನು ಬರೆದುಕೊಳ್ಳುವ ಮೊದಲು ಅತ್ತೆ. ಅದು ಅರಿಷ್ಟದ ವಾಸನೆ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ ಎಂದೆ. ಅವರ ಹೆಂಡತಿ ಕೇಳಿಸಿಕೊಂಡು ಮುಖ ತಿರುಗಿಸಿದರು. ಮಾಷ್ ಮಾತ್ರ, “ಗೊತ್ತು. ಅವತ್ತು ಊಟ ಆದ್ಮೇಲೆ ಭುಜ ಹಿಡ್ಕಂಡಿತ್ತು ಅಂತ ಮೂರು ಚಮಚ ಕುಡಿದಿದ್ದೆ,” ಎಂದರು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ವಾರವೇ ಮೂವರೂ ಮಾನಂದವಾಡಿಯ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿಗೆ ಹೊಸದಾಗಿ ಬಂದಿದ್ದ ನಡುವಯಸ್ಸಿನ ಡಾಕ್ಟರು ನಮ್ಮ ಕಾಗದ ಮುಟ್ಟುವ ಮುಂಚೆಯೇ, ಬಾಗಿಲಿನಿಂದ ಮೇಜಿನವರೆಗೆ ಮಾಷ್ ನಡೆದು ಬರುವುದನ್ನು ನೋಡುತ್ತಿದ್ದರು. ಮತ್ತೊಮ್ಮೆ ಹೊರಗೆ ಹೋಗಿ ಬನ್ನಿ ಎಂದರು.

“ಇವರ ಎಡಗೈ ನೋಡಿ ಸಿಸ್ಟರ್. ಬೀಸುತ್ತಲೇ ಇಲ್ಲ.”

ಹೌದು. ಪಕ್ಕಕ್ಕೆ ಅಂಟಿಸಿದ ಹಾಗಿತ್ತು. ತಿಂಗಳುಗಟ್ಟಲೆ ನೋಡುತ್ತಿದ್ದೆ, ಕಂಡಿರಲಿಲ್ಲ. ಡಾಕ್ಟರು ಅವರ ಮೊಣಕೈ ಮಡಚಿ ಬಿಡಿಸಿದರು, ತೊಡೆಯ ಮೇಲೆ ಸುಮ್ಮನಿದ್ದ ಹೆಬ್ಬೆರಳು ಮೆಲ್ಲಗೆ ಅಲುಗುವುದನ್ನು ತೋರಿಸಿದರು, ನೋಟುಪುಸ್ತಕವನ್ನು ಮೊದಲ ಹಾಳೆಯಿಂದ ಕೊನೆಯವರೆಗೆ ತಿರುವಿದರು. ಅಂಕಿಗಳಿಗಿಂತ ಅಕ್ಷರ ಚಿಕ್ಕದಾಗಿದ್ದನ್ನೇ ಹೆಚ್ಚು ಹೊತ್ತು ನೋಡಿದರು. ಪಾರ್ಕಿನ್ಸನ್ಸ್ ಎಂದರು. ನಾವು ಕಂಪವಾತ ಎನ್ನುವ ಕಾಯಿಲೆ. ಅಕ್ಷರ ಕುಗ್ಗುವುದು, ದನಿ ತಗ್ಗುವುದು, ಮುಖ ಕಲ್ಲಾಗುವುದು ಎಲ್ಲ ಅದರ ಗುರುತುಗಳಂತೆ.

“ಕೈ ನಡುಗುವ ಕಾಯಿಲೆ ಎಂದಷ್ಟೇ ಜನರಿಗೆ ಗೊತ್ತು,” ಎಂದರು ಡಾಕ್ಟರು. “ನಾವು ಹೇಳದೆ ತಾವಾಗಿಯೇ ಕೆಲಸ ಮಾಡುವ ನರಗಳಿರುತ್ತವಲ್ಲ, ಕೆಲವರಲ್ಲಿ ಅವನ್ನೂ ಹಿಡಿಯುತ್ತದೆ. ಏರು ಹತ್ತುವಾಗ ಬೇಗ ಬಡಿ ಎಂದು ಹೃದಯಕ್ಕೆ ಹೇಳುವ ನರ, ಎದ್ದು ನಿಂತಾಗ ಬಿಗಿದುಕೋ ಎಂದು ರಕ್ತನಾಳಕ್ಕೆ ಹೇಳುವ ನರ. ಹೃದಯ ಗಟ್ಟಿಯಾಗಿಯೇ ಇದೆ. ಹೇಳುವವರು ಸೋತಿದ್ದಾರೆ. ನಡೆಯುವಷ್ಟು ಹೊತ್ತು ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಹಿಂಡುತ್ತವೆ. ನಿಂತಿರೋ, ಅದು ಕೆಳಗೇ ಉಳಿಯುತ್ತದೆ. ಊಟವಾದ ಮೇಲೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು.”

ಊಟವಾದ ಮೇಲೆ, ಬಿಸಿಲಿನಲ್ಲಿ, ನಡೆದು ಬಂದು ಅಟೆನ್ಶನ್. ನಾವು ಮೂವರೂ ಒಬ್ಬರನ್ನೊಬ್ಬರು ನೋಡಿದೆವು.

“ಹಾಗಾದ್ರೆ ಇನ್ಮೇಲೆ ನಡೀಬಾರ್ದಾ?” ಮಾಷ್ ಕೇಳಿದರು.

“ನಡೆಯುವುದನ್ನು ಬಿಡಬೇಡಿ. ಅದೇ ನಿಮಗೆ ಔಷಧಿ. ಏರಿಗೆ ಒಬ್ಬರೇ ಹೋಗಬೇಡಿ. ನಡೆದು ಬಂದು ನಿಲ್ಲುವುದನ್ನು ಬಿಡಿ. ಕೂತುಬಿಡಿ. ನಾಡಿ ನೋಡಿ ಶ್ರಮ ಅಳೆಯುವುದು ಇನ್ನು ನಿಮಗೆ ಆಗದು. ಸುಸ್ತಾಯಿತು ಎಂದು ಮೈ ಹೇಳಿದಾಗ ಅದನ್ನೇ ನಂಬಿ.” ಆಮೇಲೆ ನನ್ನ ಕಡೆ ನೋಡಿ, ಇನ್ನೊಮ್ಮೆ ಹೀಗೆ ಯಾರನ್ನೂ ಗುಡ್ಡ ಹತ್ತಿಸಬೇಡಿ ಎಂದರು.

ಡಾಕ್ಟರ ಪತ್ರ ತೆಗೆದುಕೊಂಡು ನಾನೇ ಮ್ಯಾನೇಜರ ಹತ್ತಿರ ಹೋದೆ. ಆ ಪತ್ರದ ತಲೆಯಲ್ಲೂ ಕಣ್ಣೂರಿಗೆ ಅಡ್ಡಗೆರೆ ಎಳೆದು ವಯನಾಡು ಎಂದು ಬರೆದಿತ್ತು. ಅಂದು ಕೂತಿದ್ದ ಇಬ್ಬರು ಮೇಷ್ಟ್ರನ್ನೂ ಕರೆಸಿ ಎಂದು ಕೇಳಿಕೊಂಡೆ. ಅವರು ಬಂದ ಮೇಲೆ, ನಾನು ಮೂಸಿದ್ದು ಅರಿಷ್ಟದ ವಾಸನೆ, ಅದು ನನಗೆ ಅಂದೇ ಗೊತ್ತಿತ್ತು ಎಂದೆ. ಮ್ಯಾನೇಜರು ಪತ್ರವನ್ನು ಎರಡು ಸಲ ಓದಿದರು.

“ಅಂದೇ ಹೇಳಬಹುದಿತ್ತಲ್ಲ,” ಎಂದರು.

“ಹೇಳಬಹುದಿತ್ತು,” ಎಂದೆ.

ಕಾರಣ ಕೇಳಿದ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಕಾಯಿಲೆಯ ಮನುಷ್ಯ ಡ್ರಿಲ್ ಕಲಿಸುವುದು ಹೇಗೆ? ಆ ವರ್ಷ ಮುಗಿಯುವವರೆಗೆ ಆಫೀಸಿನಲ್ಲಿ ಕೂತು ರಿಜಿಸ್ಟರು ಬರೆಯಲಿ, ಆಮೇಲೆ ಅವಧಿಗೆ ಮುಂಚೆಯೇ ನಿವೃತ್ತಿ ಪಡೆಯಲಿ ಎಂದು ತೀರ್ಮಾನವಾಯಿತು. ರಿಜಿಸ್ಟರು ಬರೆಯುವುದು ಅವರಿಗೆ ಇನ್ನೂ ಕಷ್ಟ ಎಂದು ಯಾರಿಗೂ ಹೊಳೆಯಲಿಲ್ಲ. ಸುದ್ದಿ ತಿಳಿಸಲು ಹೋದಾಗ ಮಾಷ್ ಜಗುಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. “ಮಕ್ಳಿಗೆ ಒಂದು ಮಾತು ಹೇಳ್ಬೇಕು. ಅಸೆಂಬ್ಲೀಲಿ. ಅದಕ್ಕೊಂದು ಒಪ್ಪಿಗೆ ಕೇಳ್ಕಂಡು ಬಾ,” ಎಂದರು.

ಸೋಮವಾರ ಬೆಳಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಎದುರಿಗೆ ಕುರ್ಚಿ ಹಾಕಿ ಮಾಷ್ ಕೂತಿದ್ದರು. ಅವರು ಕೂತು ಮಾತಾಡಿದ್ದನ್ನು ಮಕ್ಕಳು ಅದುವರೆಗೆ ಕಂಡಿರಲಿಲ್ಲ. ಒಂಬತ್ತನೇ ಕ್ಲಾಸಿನವರನ್ನು ಒಂದು ಸುತ್ತು ಓಡಿಸಿ ನಾಡಿ ಎಣಿಸಲು ಹೇಳಿದರು. ನೂರ ಐವತ್ತು, ನೂರ ಅರವತ್ತು ಎಂದು ಕೂಗು ಬಂತು. ಆಮೇಲೆ ಅವರೇ ಎದ್ದರು. ನಾನು ಒಂದು ಹೆಜ್ಜೆ ಹಿಂದೆ ನಡೆದೆ. ಮೈದಾನ ಒಂದು ಸುತ್ತು, ಬಿರುಸಾಗಿ ಎಂದರೆ ಅವರಿಗೆ ಆಗ ಆಗುತ್ತಿದ್ದಷ್ಟು ಬಿರುಸಾಗಿ. ಯಾರೂ ನಗಲಿಲ್ಲ. ಬಂದವರೇ ನಿಲ್ಲದೆ ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಓಡಿದವರಲ್ಲಿ ಒಬ್ಬ ಹುಡುಗಿ ಮುಂದೆ ಬಂದು ಎರಡು ಬೆರಳಿಟ್ಟಳು. ತುಟಿಯಲ್ಲೇ ಎಣಿಸಿದಳು. ಮುಖ ಬಾಡಿತು.

“ಎಂಬತ್ತೆಂಟು, ಮಾಷೇ. ನಾನು ತಪ್ಪಾಗಿ ಎಣಿಸಿರಬೇಕು.”

“ಸರಿಯಾಗೇ ಎಣಿಸಿದ್ದೀಯ,” ಎಂದರು ಅವರು. “ಇದು ನನ್ನ ಕಾಯಿಲೆ. ಅವತ್ತು ನಾನು ಬಿದ್ದದ್ದು ಇದರಿಂದ. ಕುಡಿದು ಅಲ್ಲ.” ಆ ಮೆಲುದನಿ ಹಿಂದಿನ ಸಾಲಿಗೆ ಕೇಳಿಸಿರಲಾರದು. ಆದರೆ ಮುಂದಿನವರು ಹಿಂದಿನವರಿಗೆ ಹೇಳಿದರು, ಹಾಗೆ ಸಾಲಿನಿಂದ ಸಾಲಿಗೆ ಮಾತು ಹಿಂದಕ್ಕೆ ಹೋಗುವುದನ್ನು ನಾನು ನಿಂತು ನೋಡಿದೆ. ಸಂಜೆಯೊಳಗೆ ಅದು ಪ್ರತಿ ಮನೆಗೂ ತಲುಪಿತ್ತು. ಊರು ಆಡಿದ್ದನ್ನು ಊರೇ ನುಂಗಿಕೊಂಡಿತು. ಯಾರೂ ಬಂದು ತಪ್ಪಾಯಿತು ಎನ್ನಲಿಲ್ಲ. ಒಂದೆರಡು ಮನೆಯಿಂದ ಬಾಳೆಗೊನೆ ಬಂತು.

ವರ್ಷದ ಕೊನೆಗೆ ಅವರು ಚೇಕಾಡಿಗೆ, ತಮ್ಮನ ಮನೆಗೆ ಹೋದರು. ತುಂಬಿದ ಮನೆ, ಸುತ್ತ ಗದ್ದೆ, ಅದರಾಚೆ ಕಾಡು. ರಜೆ ಸಿಕ್ಕಾಗ ನಾನು ಹೋಗಿ ಬರುತ್ತಿದ್ದೆ. ಅವರು ಕಾಯಿಲೆಯ ಜೊತೆ ಬದುಕಲು ಕಲಿತ ಬಗೆ ನೋಡಬೇಕಿತ್ತು. ಡಾಕ್ಟರು ಹೇಳಿದಂತೆ ಗಂಜಿಗೆ ಉಪ್ಪು ಹೆಚ್ಚು, ಊಟ ಸ್ವಲ್ಪ ಸ್ವಲ್ಪವಾಗಿ ಐದು ಸಲ. ರಕ್ತ ಕೆಳಗಿಳಿಯದಿರಲೆಂದು ಹೊಟ್ಟೆಗೆ ಬಾಣಂತಿಯರ ಹಾಗೆ ಬಿಗಿಯಾಗಿ ಪಂಚೆ ಸುತ್ತಿಕೊಳ್ಳುತ್ತಿದ್ದರು. ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟಿದ್ದರು. ಏಳುವ ಮುಂಚೆ ಕೂತಲ್ಲೇ ಇಪ್ಪತ್ತು ಸಲ ಕಾಲು ಕುಟ್ಟುವುದು. ಮಾತ್ರೆಯಿಂದ ಕೈಕಾಲು ಸಡಿಲವಾಯಿತು, ಆದರೆ ಕೆಲವು ದಿನ ಅದೇ ಮಾತ್ರೆ ರಕ್ತದ ಒತ್ತಡವನ್ನು ಇನ್ನಷ್ಟು ಇಳಿಸುತ್ತಿತ್ತು. ಆ ದಿನಗಳಲ್ಲಿ ಮಲಗಿಯೇ ಇರುತ್ತಿದ್ದರು, ಸಿಟ್ಟಿನಲ್ಲಿ.

ಒಮ್ಮೆ ಹೋದಾಗ ಗಂಡ ಹೆಂಡತಿ ಇಬ್ಬರೂ ಬದುವಿನ ಮೇಲಿದ್ದರು. ಅವರ ಕಾಲು ಹೂತ ಹಾಗೆ ನಿಂತುಬಿಟ್ಟಿತ್ತು. ಕಾಯಿಲೆ ಬೆಳೆದಂತೆ ಅದೂ ಶುರುವಾಗಿತ್ತು, ನಡೆಯುತ್ತ ನಡೆಯುತ್ತ ಕಾಲು ಏಳದೆ ಹೋಗುವುದು. ನಿಂತರೆ ತಲೆ ಸುತ್ತುತ್ತದೆ, ನಡೆಯಲು ಕಾಲು ಬಾರದು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಮುಂದೆ ನಿಂತು, ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರೆಲ್ಲ ಕೇಳುವ ಹಾಗೆ ಆಜ್ಞೆ ಕೊಟ್ಟರು.

“ಲೆಪ್ಟ್. ರೈಟ್. ಲೆಪ್ಟ್. ರೈಟ್. ಯಾಕ್ ನಿಂತ್ಕಂಡ್ರಿ? ನಾ ನಿಲ್ಲು ಅಂದ್ನಾ?”

ಮಾಷ್ ಕಾಲು ಎತ್ತಿದರು. ನನ್ನನ್ನು ಕಂಡು, “ನೋಡವ್ವ, ನನಗಿಂತ ಒಳ್ಳೇ ಡ್ರಿಲ್ ಮಾಷ್,” ಎಂದರು. ಮುಖದಲ್ಲಿ ನಗು ಮೂಡಲಿಲ್ಲ, ಮೂಡಿಸಲು ಆ ಮುಖಕ್ಕೆ ಆಗುತ್ತಿರಲಿಲ್ಲ. ಆದರೆ ನಗುತ್ತಿದ್ದರು ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗುತ್ತಿತ್ತು. ಅವರ ಹೆಂಡತಿ ಅಂದು ಮೊದಲ ಸಲ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಗುಡ್ಡದ ಮೇಲಿನ ಆ ಬೆಳಗಿನ ನಂತರ ಅವರು ನನ್ನನ್ನು ಮುಟ್ಟಿರಲಿಲ್ಲ.

ಆಮೇಲೆ ನನಗೆ ಘಟ್ಟದ ಕೆಳಗೆ ವರ್ಗವಾಯಿತು. ಮದುವೆ, ಮಕ್ಕಳು, ಹೋಗುವುದು ವಿರಳವಾಯಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಕ್ರಿಯೆಗಳೆಲ್ಲ ಮುಗಿದ ಮೇಲೆ. ಮಲಗಿದ್ದಲ್ಲೇ ಹೋದರಂತೆ… ಅವರ ಹೆಂಡತಿಗೆ ಒಂದು ಕಾಗದ ಬರೆದೆ. ಓದಿ ಹೇಳುವವರು ಯಾರಾದರೂ ಇದ್ದರೋ ಇಲ್ಲವೋ.

ಕೆಲಸದಲ್ಲಿದ್ದಷ್ಟು ವರ್ಷ, ತಲೆಸುತ್ತು ಎಂದು ಬಂದ ವಯಸ್ಸಾದವರನ್ನು ಮಲಗಿಸಿ, ನಿಲ್ಲಿಸಿ, ಎರಡು ಸಲ ನೋಡದೆ ಕಳಿಸಲಿಲ್ಲ. ಹೊತ್ತು ಹಿಡಿಯುತ್ತದೆ ಎಂದು ಜೊತೆಯವರು ಗೊಣಗುತ್ತಿದ್ದರು. ವಾಸನೆ ಬಂತು ಎಂದು ಯಾರಾದರೂ ಹೇಳಿದರೆ, ಯಾವ ವಾಸನೆ ಎಂದು ಕೇಳುತ್ತಿದ್ದೆ. ಕಲಿತದ್ದು ಅಷ್ಟು. ಕಲಿಯಲು ಆ ಮನುಷ್ಯ ತೆತ್ತದ್ದು ಜಾಸ್ತಿಯಾಯಿತು ಎಂದು ಈಗಲೂ ಅನಿಸುತ್ತದೆ.

ಟ್ರಂಕು ಒರೆಸಿದ ಮಾರನೆಯ ವಾರ ಚೇಕಾಡಿಗೆ ಬಸ್ಸು ಹತ್ತಿದೆ. ಮಾಷ್ ಹೆಂಡತಿಯೂ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ತಮ್ಮನ ಸೊಸೆ ಇದ್ದಳು. ನಾನು ಯಾರೆಂದು ಹೇಳಿದೆ. ಕಾಫಿ ಕೊಟ್ಟಳು. ಮಾತು ಮಲಯಾಳದಲ್ಲಿ ಶುರುವಾಗಿ ಯಾವಾಗಲೋ ಕನ್ನಡಕ್ಕೆ ಹೊರಳಿತು. ಒಳಗೆ ಹೋಗಿ ಗೋಡೆಯಿಂದ ಒಂದು ಫೋಟೋ ಬಿಚ್ಚಿ ತಂದಳು. “ದೊಡ್ಮಾವಂದು ಇದೊಂದೇ ಇರೋದು,” ಎಂದಳು.

ತರಬೇತಿಗೆ ಹೋಗಿದ್ದಾಗಿನದಿರಬೇಕು. ಇಪ್ಪತ್ತು ಇಪ್ಪತ್ತೆರಡರ ಯುವಕ, ಬರಿಗಾಲು, ಓಡುತ್ತಿದ್ದಾನೆ. ತಲೆ ಹಿಂದಕ್ಕೆ ಬಾಗಿದೆ, ಬಾಯಿ ತುಂಬ ನಗು. ಎಡಗೈ ಹಿಂದಕ್ಕೆ, ಭುಜಕ್ಕಿಂತ ಎತ್ತರಕ್ಕೆ ಬೀಸಿದೆ. ಆ ಕೈಯನ್ನೇ ಬಹಳ ಹೊತ್ತು ನೋಡಿದೆ. ನಾನು ಅವರನ್ನು ಕಾಣುವ ಮುಂಚೆಯೇ ಆ ಪುಸ್ತಕದ ಅಂಕಿಗಳು ಇಳಿಯಲು ಶುರುವಾಗಿದ್ದವು. ಗಂಭೀರ ಮನುಷ್ಯ ಎಂದುಕೊಂಡಿದ್ದೆ ನಾನು…

“ಬಲೇ ಓಡ್ತಿದ್ರಂತೆ. ನೀವು ನೋಡಿದ್ದೀರಾ ಆಂಟಿ?” ಎಂದು ಅವಳು ಕೇಳಿದಳು.

ಇಲ್ಲ ಎಂದೆ.